ಎಡಕ್ಕೆ ತಿರುಗಿಸಿದವನು

ಅರಕೆರೆಯ ನಾಲೆ ಬಯಲಿನಲ್ಲಿ ಗದ್ದೆ ಕೆಸರು ಮಾಡಬೇಕಾದರೆ ಜನ ದ್ಯಾವಯ್ಯನ ಟ್ರಾಕ್ಟರಿಗೇ ಕಾಯುತ್ತಿದ್ದರು. ಬೇರೆಯವರ ಟ್ರಾಕ್ಟರು ಹೂತು ನಿಲ್ಲುವ ಗದ್ದೆಗಳಲ್ಲೂ ಅವನದು ಹೂಳುತ್ತಿರಲಿಲ್ಲ. ಗಾಲಿ ಕೆಸರಿಗೆ ಇಳಿಯುತ್ತಿದೆ ಎನ್ನಿಸಿದ ಕೂಡಲೇ ಅವನು ಸ್ಟೇರಿಂಗ್ ಅಲುಗಿಸದೆ, ಬಂದ ಜಾಡಿನಲ್ಲೇ ನೇರವಾಗಿ ಹಿಂದಕ್ಕೆ ಬರುತ್ತಿದ್ದ. ಮಿಲಿಟರಿಯಲ್ಲಿ ಟ್ಯಾಂಕು ಓಡಿಸಿದ ಕೈ ಎಂದು ಊರವರು ಹೊಗಳುತ್ತಿದ್ದರು. ಹೊಗಳಿದಾಗೆಲ್ಲ ಅವನು ಮುಖ ತಿರುಗಿಸಿ ಬೀಡಿ ಹಚ್ಚುತ್ತಿದ್ದ. ಹೆಂಡತಿ ಜಯಲಕ್ಷ್ಮಮ್ಮ ಅದನ್ನು ಸಂಕೋಚ ಎಂದುಕೊಂಡಿದ್ದಳು.

ಎಪ್ಪತ್ತೊಂದರ ಯುದ್ಧದಲ್ಲಿ ಅವನ ಟ್ಯಾಂಕಿನೊಳಗೆ ನಾಲ್ವರಿದ್ದರು. ಮುಂದೆ ಕೆಳಗಡೆ ಡ್ರೈವರ್ ದ್ಯಾವಯ್ಯ. ಮೇಲಿನ ಗೋಪುರದಲ್ಲಿ ಕಮಾಂಡರನಾಗಿ ಹರಿಯಾಣದ ಒಬ್ಬ ದಫೇದಾರ, ಫಿರಂಗಿ ಹಾರಿಸುವ ಒಬ್ಬ ತಮಿಳಿನವನು, ಫಿರಂಗಿಗೆ ಗುಂಡು ತುಂಬುವ ನಾಗಮಂಗಲದ ಖಾಸಿಂ. ಗಡಿಯಾಚೆಯ ಒಂದು ಜೌಗು ಹಳ್ಳದಲ್ಲಿ ಟ್ಯಾಂಕಿಗೆ ಶೆಲ್ ಬಡಿದು ದಫೇದಾರನೂ ತಮಿಳಿನವನೂ ಒಳಗೇ ಸತ್ತರು. ಖಾಸಿಂ ಉರಿಯುವ ಬಟ್ಟೆಯಲ್ಲೇ ಹೊರಗೆ ಬಿದ್ದ. ಮುಂದಿನ ಕಿಂಡಿಯಿಂದ ಹೊರಬಿದ್ದಿದ್ದ ದ್ಯಾವಯ್ಯ ಅವನನ್ನು ಎಳೆದುಕೊಂಡು ಹೋಗಿ ಮಣ್ಣು ಸುರಿದು ಬೆಂಕಿ ಆರಿಸಿದ.

ಆಮೇಲೆ ವಿಚಾರಣೆ ನಡೆಯಿತು. ಎಡಕ್ಕೆ ತಿರುಗಿಸು ಎಂದು ಕಮಾಂಡರೇ ಹೇಳಿದರು, ತಿರುಗಿಸಿದೆ, ಗಾಲಿಗಳ ಸುತ್ತಿನ ಉಕ್ಕಿನ ಚೈನು ಕಳಚಿಕೊಂಡು ಟ್ಯಾಂಕು ಅಲ್ಲೇ ನಿಂತಿತು ಎಂದು ದ್ಯಾವಯ್ಯ ಹೇಳಿಕೆ ಕೊಟ್ಟ. ಎದುರು ಹೇಳಲು ಯಾರೂ ಉಳಿದಿರಲಿಲ್ಲ. ಟ್ಯಾಂಕಿನ ಸದ್ದಿನಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುವುದು ಹೆಡ್‌ಫೋನಿನಲ್ಲಿ ಮಾತ್ರ. ಖಾಸಿಂನ ಹೆಡ್‌ಫೋನಿನ ವೈರು ಗುಂಡು ತುಂಬುವ ಗಡಿಬಿಡಿಯಲ್ಲಿ ಮೊದಲೇ ಕಿತ್ತುಹೋಗಿತ್ತು. ಯಾರು ಏನು ಹೇಳಿದರೆಂಬುದು ಅವನಿಗೆ ಕೇಳಿಸಿರಲೇ ಇಲ್ಲ.

ಮಿಲಿಟರಿ ಬಿಟ್ಟು ಬಂದ ಖಾಸಿಂ ಬೆಳ್ಳೂರು ಕ್ರಾಸಿನಲ್ಲಿ ಹೆಂಡತಿ ಅಮೀನಾಬೀಯ ಜೊತೆ ಸಣ್ಣ ಟೀ ಹೋಟೆಲು ಇಟ್ಟುಕೊಂಡ. ಅವನ ಬಲಗೈಯ ಬೆರಳುಗಳು ಸುಟ್ಟು ಒಂದಕ್ಕೊಂದು ಅಂಟಿಕೊಂಡಿದ್ದವು. ದ್ಯಾವಯ್ಯ ವರ್ಷಕ್ಕೆರಡು ಸಲವಾದರೂ ಹೋಗಿ ಬರುತ್ತಿದ್ದ. ಹೋದಾಗೆಲ್ಲ ಖಾಸಿಂ, ನನ್ನ ಜೀವ ಉಳಿಸಿದ ದೋಸ್ತ್ ಇವನೇ, ನಮ್ಮ ದ್ಯಾವು ಭಾಯ್ ಎಂದು ಗಿರಾಕಿಗಳಿಗೆ ತೋರಿಸುತ್ತಿದ್ದ. ಹಾಗೆಯೇ, ಕೆಸರಿನಲ್ಲಿ ತಿರುಗಿಸು ಎಂದ ಆ ದಫೇದಾರನನ್ನು ಎರಡು ಮಾತು ಬೈಯುತ್ತಿದ್ದ. ಆ ಹೊತ್ತಿನಲ್ಲಿ ದ್ಯಾವಯ್ಯ ಟೀ ಲೋಟವನ್ನೇ ನೋಡುತ್ತ ಕೂರುತ್ತಿದ್ದ. ಬಸ್ಸಿನಲ್ಲಿ ಊರಿಗೆ ಮರಳುವಾಗ, ಇನ್ನು ಮುಂದೆ ಹೋಗಬಾರದು ಎಂದುಕೊಳ್ಳುತ್ತಿದ್ದ. ಆದರೂ ಹೋಗುತ್ತಿದ್ದ.

ತೊಂಬತ್ತೊಂದರ ಫೆಬ್ರವರಿಯಲ್ಲಿ ಖಾಸಿಂ ಕಾರ್ಡು ಬರೆಸಿ ಕರೆಸಿಕೊಂಡ. ದ್ಯಾವಯ್ಯ ಹೋದಾಗ ಮಧ್ಯಾಹ್ನವಾಗಿತ್ತು. ಹೋಟೆಲಿನ ಟಿವಿಯಲ್ಲಿ ಕೊಲ್ಲಿ ಯುದ್ಧದ ಸುದ್ದಿ ಬರುತ್ತಿತ್ತು. ಮರಳಿನ ಮೇಲೆ ಕೆಲವು ಟ್ಯಾಂಕುಗಳು ಧೂಳೆಬ್ಬಿಸಿ ಓಡುತ್ತಿದ್ದವು, ಕೆಲವು ಕರಕಲಾಗಿ ನಿಂತಿದ್ದವು. ಅಷ್ಟು ದಪ್ಪ ಉಕ್ಕು ಹೀಗೆ ಹುಲ್ಲಿನ ಮೆದೆಯಂತೆ ಉರಿಯುವುದು ಹೇಗೆ ಎಂದು ಲಾರಿ ಡ್ರೈವರೊಬ್ಬ ಕೇಳಿದ. ಇವನನ್ನು ಕೇಳಿ, ಇವನಿಗೆ ಗೊತ್ತು ಎಂದು ಖಾಸಿಂ ಹೆಮ್ಮೆಯಿಂದ ಕೈ ತೋರಿಸಿದ.

ಎಲ್ಲರೂ ತನ್ನ ಕಡೆ ತಿರುಗಿದಾಗ ದ್ಯಾವಯ್ಯ ಹೇಳಲೇಬೇಕಾಯಿತು. ಉಕ್ಕೆಲ್ಲ ಎದುರಿಗೆ ದಪ್ಪವಾಗಿರುತ್ತದೆ, ಪಕ್ಕೆಯಲ್ಲಿ ತೆಳು, ಹಿಂದೆ ಇನ್ನೂ ತೆಳು ಎಂದ. ಈಗಿನ ಟ್ಯಾಂಕುಗಳ ಉಕ್ಕು ಇನ್ನೂ ಗಟ್ಟಿ, ಇಂಜಿನ್ನೂ ಜೋರು, ಆದರೂ ಶತ್ರುವಿಗೆ ಮುಖ ಕೊಟ್ಟು ಓಡಾಡುತ್ತಿರುವ ತನಕವೇ ಅದು ಬದುಕುವುದು, ಪಕ್ಕೆ ಕೊಟ್ಟು ನಿಂತರೆ ಮುಗಿಯಿತು ಎಂದ. ಕೆಸರಿನಲ್ಲಿ ಹೂಳುವುದಿಲ್ಲವೇ ಎಂದು ಇನ್ನೊಬ್ಬ ಕೇಳಿದ. ಅಗಲವಾದ ಚೈನಿನ ಮೇಲೆ ಭಾರ ಹರಡಿಕೊಳ್ಳುವುದರಿಂದ ಎತ್ತಿನ ಗೊರಸು ಇಳಿಯುವ ಕಡೆಯೂ ಟ್ಯಾಂಕು ಹೋಗಿಬಿಡುತ್ತದೆ ಎಂದ. ಗಕ್ಕನೆ ತಿರುಗಿಸಿದರೆ ಮಾತ್ರ ಕೆಸರು ಚೈನಿಗೂ ಗಾಲಿಗೂ ನಡುವೆ ತುರುಕಿಕೊಂಡು ಚೈನು ಕಳಚಿ ಬೀಳುತ್ತದೆ ಎನ್ನುವಷ್ಟರಲ್ಲಿ ಅವನ ದನಿ ಸಣ್ಣಗಾಯಿತು.

ಗಿರಾಕಿಗಳು ಎದ್ದು ಹೋದ ಮೇಲೆ ಖಾಸಿಂ ಒಂದು ಕಾಗದ ತಂದು ಮುಂದಿಟ್ಟ. ಹಿಂದಿಯಲ್ಲಿತ್ತು. ದಫೇದಾರನ ಮಗ ಹಳೆಯ ರೆಜಿಮೆಂಟಿನಿಂದ ವಿಳಾಸ ಪಡೆದು ಬರೆದಿದ್ದ. ಅಪ್ಪ ಸತ್ತಾಗ ತನಗೆ ಎರಡು ವರ್ಷ, ಅಪ್ಪ ತಪ್ಪು ಆಜ್ಞೆ ಕೊಟ್ಟು ತಾನೂ ಸತ್ತು ಇನ್ನೊಬ್ಬನನ್ನೂ ಸಾಯಿಸಿದ ಎಂದಷ್ಟೇ ಮನೆಯವರ ಕಿವಿಗೆ ಬಿದ್ದಿದೆ, ಅಪ್ಪ ಎಂಥ ಮನುಷ್ಯನಾಗಿದ್ದ ಎಂದು ಕೇಳಿದ್ದ. ಖಾಸಿಂಗೆ ಆ ಕೈಯಲ್ಲಿ ಬರೆಯಲಾಗುತ್ತಿರಲಿಲ್ಲ, ಹಿಂದಿ ಬರೆಯಬಲ್ಲವರು ಹತ್ತಿರದಲ್ಲಿ ಬೇರೆ ಯಾರೂ ಇರಲಿಲ್ಲ. ಅದಕ್ಕೇ ದ್ಯಾವಯ್ಯನನ್ನು ಕರೆಸಿದ್ದ.

"ನಿಮ್ಮಪ್ಪ ತಪ್ಪು ಮಾಡ್ಬುಟ್ಟ ಅಂತ ಬರೀಬ್ಯಾಡ ದ್ಯಾವು ಭಾಯ್," ಎಂದ ಖಾಸಿಂ. "ನಾನು ಬೈಕೊಂಡಿದ್ದು ನನ್ನ ಬಾಯ್ಗೆ ಇರ್ಲಿ. ಒಳ್ಳೇವ್ನಾಗಿದ್ದ ಅಂತ ಬರಿ. ಆ ಹುಡುಗ ಏನ್ ಮಾಡಿದಾನೆ, ಪಾಪ."

ದ್ಯಾವಯ್ಯ ಪೆನ್ನಿನ ಮುಚ್ಚಳ ತೆಗೆದ. ಒಂದು ಅಕ್ಷರವೂ ಬರಲಿಲ್ಲ. ಮುಚ್ಚಳ ಹಾಕಿ ಪೆನ್ನನ್ನು ಕೆಳಗಿಟ್ಟ.

"ಅವ್ರು ಎಡಕ್ಕೆ ಅನ್ನಲಿಲ್ಲ ಕಣ್ಲಾ ಖಾಸಿಂ," ಎಂದ. "ನೇರ ಹಿಂದಕ್ಕೆ ತಗಿ ಅಂದ್ರು. ಎರಡು ಸಲ ಅಂದ್ರು. ನಾನು ಎದ್ರುಕೊಂಡು ತಿರುಗಿಸ್ಬುಟ್ಟೆ."

ಹೊರಗೆ ಯಾರೋ ಟೀ ಕೇಳಿದರು. ಖಾಸಿಂ ಎದ್ದು ಹೋಗಿ ಕೊಟ್ಟ. ಲೋಟ ಖಾಲಿಯಾಗುವ ತನಕ ಅಲ್ಲೇ ನಿಂತಿದ್ದು, ಅದನ್ನು ತೊಳೆದಿಟ್ಟು ಬಂದು ಕೂತ.

"ಎದ್ರುಕೊಂಡಿದ್ದು ಇರ್ಲಿ ಬುಡು. ಅವತ್ತು ಎಲ್ರೂ ಎದ್ರುಕೊಂಡಿದ್ವಿ," ಎಂದ. "ಇಪ್ಪತ್ತು ವರ್ಸ ನಾನು ಆ ಮನುಷ್ಯನ್ನ ಬೈದಿದೀನಿ. ನಮಾಜು ಮುಗ್ಸಿ ಎದ್ದು ಬೈದಿದೀನಿ. ನೀನು ಪಕ್ಕದಲ್ಲೇ ಕೂತ್ಕೊಂಡು ಕೇಳ್ತಿದ್ದೆ."

ಟ್ಯಾಂಕಿನ ಬೆಂಕಿಯನ್ನು ಹೇಗೋ ತಾಳಿಕೊಂಡಿದ್ದ ದ್ಯಾವಯ್ಯನಿಗೆ ಈ ಮಾತು ತಾಳಲಾಗಲಿಲ್ಲ. ಎದ್ದು ಹೋಗಲು ನೋಡಿದ. ಖಾಸಿಂ ಕಾಗದವನ್ನು ಅವನ ಕಡೆಗೆ ಸರಿಸಿ, "ಬರಿ ಈಗ. ನಿನ್ನ ಹೆಸ್ರಾಕಿ ಬರಿ," ಎಂದ.

ಅವನು ಬರೆದ. ನಿಮ್ಮ ತಂದೆ ಸರಿಯಾದ ಆಜ್ಞೆಯನ್ನೇ ಕೊಟ್ಟಿದ್ದರು, ತಪ್ಪು ನನ್ನದು, ವಿಚಾರಣೆಯಲ್ಲಿ ಸುಳ್ಳು ಹೇಳಿದೆ ಎಂದು ಬರೆದು, ತನ್ನ ಮಿಲಿಟರಿ ನಂಬರು, ಊರು, ತಾಲ್ಲೂಕು ಎಲ್ಲ ಹಾಕಿ ಸಹಿ ಮಾಡಿದ. ಖಾಸಿಂ ಅದನ್ನು ಎರಡು ಸಲ ಓದಿಸಿ ಕೇಳಿ, ತಾನೇ ಹೋಗಿ ಅಂಚೆ ಡಬ್ಬಕ್ಕೆ ಹಾಕಿ ಬಂದ. ಅಮೀನಾಬೀ ಊಟ ಮಾಡಿಕೊಂಡು ಹೋಗಿ ಎಂದರೂ ದ್ಯಾವಯ್ಯ ನಿಲ್ಲಲಿಲ್ಲ.

ಊರಿಗೆ ಬಂದು ಹೆಂಡತಿಗೂ ಹೇಳಿದ. ಜಯಲಕ್ಷ್ಮಮ್ಮ, ಸತ್ತ ಇನ್ನೊಬ್ಬನಿಗೆ ಹೆಂಡತಿ ಮಕ್ಕಳಿದ್ದರೇ ಎಂದು ಕೇಳಿದಳು. ಅವನಿಗೆ ಗೊತ್ತಿರಲಿಲ್ಲ. ಕೇಳಿ ತಿಳಿದುಕೊಂಡಿರಲೇ ಇಲ್ಲ. ಅಂದಿನಿಂದ ಊರಿನಲ್ಲಿ ಯಾರಾದರೂ ಟ್ಯಾಂಕಿನ ಮಾತೆತ್ತಿ ಹೊಗಳಿದರೆ, ನನ್ನ ಟ್ಯಾಂಕು ನನ್ನಿಂದಲೇ ಸುಟ್ಟುಹೋಯಿತು ಎಂದು ಹೇಳುತ್ತಿದ್ದ. ಕೆಲವರು ನಂಬಲಿಲ್ಲ. ನಂಬಿದವರು ಮತ್ತೆ ಆ ಮಾತು ತೆಗೆಯಲಿಲ್ಲ.

ಮೂರು ತಿಂಗಳಿಗೆ ಹರಿಯಾಣದಿಂದ ಒಂದು ಇನ್‌ಲ್ಯಾಂಡ್ ಬಂತು. ಕಾಗದ ಸೇರಿತು, ಅಮ್ಮನಿಗೆ ಓದಿ ಹೇಳಿದೆ, ಇನ್ನೊಂದು ಸಲ ಓದು ಎಂದರು ಎಂದಿತ್ತು. ಬೈಗುಳವಾಗಲಿ ಕ್ಷಮೆಯಾಗಲಿ ಅದರಲ್ಲಿ ಇರಲಿಲ್ಲ.

ದ್ಯಾವಯ್ಯ ಬೆಳ್ಳೂರು ಕ್ರಾಸಿಗೆ ಮತ್ತೆ ಹೋಗಲಿಲ್ಲ. ತೊಂಬತ್ತನಾಲ್ಕರಲ್ಲಿ ಪಾಂಡವಪುರದಲ್ಲಿ ಮಗಳು ಹೇಮಶ್ರೀಯ ಮದುವೆಯಾದಾಗ ಖಾಸಿಂಗೆ ಪತ್ರಿಕೆ ಕಳಿಸಿ, ಬರುವುದಿಲ್ಲ ಎಂದೇ ತಿಳಿದಿದ್ದ. ಖಾಸಿಂ ಅಮೀನಾಬೀಯ ಜೊತೆ ಬಂದ. ಹುಡುಗಿಗೆ ಸೀರೆ ಕೊಟ್ಟು ತಲೆ ಮುಟ್ಟಿ ಹರಸಿದ. ದ್ಯಾವಯ್ಯ ತಾನೇ ನಿಂತು ಬಡಿಸಿ, ಬಸ್‌ಸ್ಟ್ಯಾಂಡಿನ ತನಕ ಬಂದು, ಊಟ ಹೇಗಿತ್ತು ಎಂದು ಕೇಳಿದ.

"ಚೆನ್ನಾಗಿತ್ತು ದ್ಯಾವಯ್ಯನೋರೇ," ಎಂದು ಹೇಳಿ ಖಾಸಿಂ ಬಸ್ಸು ಹತ್ತಿದ.