ಅಜ್ಜಿಯನ್ನು ಎರಡು ಸಲ ತೂಗಿದ್ದು

ಚಿನ್ನದ ಗಣಿಗಳು ಜೋರಾಗಿ ನಡೆಯುತ್ತಿದ್ದ ಕಾಲ. ಆಂಡರ್ಸನ್‌ಪೇಟೆಯ ದವಾಖಾನೆಯೊಂದರಲ್ಲಿ ನಾನು ಹೊಸ ನರ್ಸು. ಅಜ್ಜಿಯೊಬ್ಬಳು ಜ್ವರ ಬಂದ ಮೊಮ್ಮಗಳನ್ನು ಎತ್ತಿಕೊಂಡು ಬಂದಳು. ಔಷಧಿ ಒಂದಿಷ್ಟು ಹೆಚ್ಚಾದರೂ ಕೂಸಿಗೆ ಅಪಾಯ. ತೂಕ ನೋಡದೆ ಕೊಡುವಂತಿರಲಿಲ್ಲ.

"ಕೂಸನ್ನ ತೂಗಿದ್ರೆ ದಿಷ್ಟಿ ಆಯ್ತದೆ. ಬೇಕಾದ್ರೆ ನನ್ನ ತೂಗು!" ಎಂದು ಅಜ್ಜಿ ಹಟ ಹಿಡಿದಳು.

ಆಗಲಿ ಅಂದೆ. ಕೂಸು ಅವಳ ತೋಳಲ್ಲಿದ್ದಾಗ ಒಂದು ಸಲ, ಅದನ್ನು ನಾನು ಎತ್ತಿಕೊಂಡು ಇನ್ನೊಂದು ಸಲ ಅವಳನ್ನು ತೂಗಿದೆ. ಒಂದರಲ್ಲಿ ಇನ್ನೊಂದನ್ನು ಕಳೆದು ಕೂಸಿನ ಔಷಧಿ ಅಳೆದೆ.

ಮೂರನೇ ದಿನ ಕೂಸು ನಗುತ್ತಿತ್ತು, ಅಜ್ಜಿಗೆ ಜ್ವರ!

"ಎಲ್ಡ್ ಸಲ ತೂಗಿದ್ಯಲ್ಲ, ದಿಷ್ಟಿ ತಗಲ್ದೆ ಇರ್ತದಾ? ನೀನೇ ತೆಗಿ!"

ಮಾತ್ರೆ ಕೊಟ್ಟೆ. ನಿವಾಳಿಸಲು ಉಪ್ಪನ್ನೂ ತರಿಸಿ, ಮೆಣಸಿನಕಾಯಿ ಎಷ್ಟಿರಲಿ ಎಂದು ಕೇಳಿದೆ.

"ಕೂಸಿಗಾದ್ರೆ ಮೂರು ಸಾಕು. ನನ್ನ ತೂಕ ನೋಡಿದ್ದೀಯಲ್ಲ, ಏಳು ಆಕು."