ಅಂಚೆಯ ವಾಲ್ದೆಲೀಸ್ ಬರೆಸಿದ ಕಾಗದ

ಪ್ಲಾತಫೋರ್ಮ ಎಂಬ ಗುಡ್ಡದ ಕೇರಿಯ ಏರುಬೀದಿಗಳಲ್ಲಿ ಇಪ್ಪತ್ತೇಳು ವರ್ಷ ಅಂಚೆ ಹಂಚಿದ, ಎಲ್ಲರೂ ಗೌರವದಿಂದ ದೋನಾ ಎಂದು ಕರೆಯುವ ವಾಲ್ದೆಲೀಸ್‌ಗೆ ಯಾರ ಮನೆಗೆ ಯಾವ ಕಾಗದ ಬರುತ್ತದೆ ಎಂಬುದು ಬಾಯಿಪಾಠವಾಗಿತ್ತು. ಕರೆಂಟು ಬಿಲ್ಲು, ಕೋರ್ಟಿನ ನೋಟೀಸು, ಸಾವೊ ಪಾವ್ಲೊಗೆ ಮನೆಗೆಲಸಕ್ಕೆ ಹೋದ ಅಕ್ಕತಂಗಿಯರ ಪತ್ರ. ವಿಶ್ವವಿದ್ಯಾಲಯದ ಮುದ್ರೆಯ ಲಕೋಟೆ ಮಾತ್ರ ಆ ಗುಡ್ಡ ಹತ್ತಲೇ ಇಲ್ಲ. ಅದು ಆಕೆಯ ಹೊಟ್ಟೆ ಉರಿಸುತ್ತಿತ್ತು. ನಿವೃತ್ತಿಯಾದ ಮರುವಾರವೇ ಚರ್ಚಿನ ಹಿಂದಿನ ಕೋಣೆಯ ಬೀಗದ ಕೈ ಇಸಿದುಕೊಂಡು, ಕೇರಿಯ ಕಪ್ಪು ಮಕ್ಕಳಿಗೆ ಪ್ರವೇಶ ಪರೀಕ್ಷೆಯ ಶನಿವಾರದ ತರಗತಿ ಶುರುಮಾಡಿದಳು.

ಗಣಿತ, ಭೌತಶಾಸ್ತ್ರಕ್ಕೆ ಬೇರೆಯವರಿದ್ದರು; ಮೊದಲ ವರ್ಷಗಳಲ್ಲಿ ಅಲ್ಲೇ ಕಲಿತ ಮಕ್ಕಳು ಈಗ ಅಲ್ಲೇ ಮೇಷ್ಟ್ರುಗಳು. ವಾಲ್ದೆಲೀಸಳ ಪಾಲಿಗೆ ಬಂದದ್ದು ಕಾಗದಪತ್ರ: ಶುಲ್ಕ ಮಾಫಿಯ ಅರ್ಜಿ, ಮೀಸಲು ಸೀಟಿನ ದಾಖಲೆ, ವಿದ್ಯಾರ್ಥಿವೇತನ. "ಒಂದು ಜೆರಾಕ್ಸು ಮರೆತು ನೋಡು, ನಿನ್ನ ಸೀಟಲ್ಲಿ ಇನ್ನೊಬ್ಬ ಕೂತಿರ್ತಾನೆ" ಎಂದು ಗದರುವಳು. ಹದಿಮೂರು ವರ್ಷದಲ್ಲಿ ನಲವತ್ತೊಂದು ಮಕ್ಕಳನ್ನು ವಿಶ್ವವಿದ್ಯಾಲಯಕ್ಕೆ ಕಳಿಸಿದ್ದಳು. ಅವರ ಹೆಸರುಗಳನ್ನು ಒಂದೇ ಉಸಿರಿಗೆ ಹೇಳುವಳು, ಯಾರೂ ಕೇಳದಿದ್ದರೂ.

ಆ ವರ್ಷ ಚೌಕದಲ್ಲಿ ಅಕರಜೆ ವಡೆ ಕರಿಯುವ ಜಂದೀರಳ ಮಗಳು ಲುವಾಂದ್ರ ದಂತವೈದ್ಯಕೀಯಕ್ಕೆ ಆಯ್ಕೆಯಾದಳು. ಸರ್ಕಾರಿ ಶಾಲೆಯ, ಕಡಿಮೆ ಆದಾಯದ ಕಪ್ಪು ವಿದ್ಯಾರ್ಥಿಗಳಿಗೆ ಮೀಸಲಾದ ಸೀಟು ಅದು. ದಾಖಲೆ ಕೊಡಲು ಮರುದಿನ ಮಧ್ಯಾಹ್ನ ಹನ್ನೆರಡೇ ಕೊನೆ. ಎಲ್ಲವನ್ನೂ ಜೋಡಿಸುತ್ತಿದ್ದ ವಾಲ್ದೆಲೀಸ್ ತಾಯಿಯ ಆದಾಯದ ಕಾಗದ ನೋಡಿ, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದಳು. ತಿಂಗಳಿಗೆ ಏಳು ಸಾವಿರ ರೆಯಾಯಿಸ್ ಎಂದು ಜಂದೀರ ಬರೆದಿದ್ದಳು. ನಾಲ್ಕು ಜನರ ಮನೆಗೆ ಅದು ಮಿತಿ ಮೀರಿದ ಮೊತ್ತ, ಸೀಟು ಕೈತಪ್ಪಿದಂತೆಯೇ. ಲುವಾಂದ್ರಳನ್ನು ಕರೆದುಕೊಂಡು ನೇರ ಚೌಕಕ್ಕೆ ನಡೆದಳು.

"ಇದೇನೇ ಜಂದೀರ, ನೀನು ವಡೆ ಕರೀತೀಯೋ, ಬಂಗಾರ ಮಾರ್ತೀಯೋ?"

"ಫೆಬ್ರವರೀಲಿ ಅಷ್ಟು ಬಂದಿತ್ತಲ್ಲ, ದೋನಾ ವಾಲ್ದೆ. ಕಾರ್ನಿವಲ್‌ನಲ್ಲಿ ಜನ ಮುಗಿಬಿದ್ದಿದ್ರು."

"ಮಿಕ್ಕ ತಿಂಗಳು? ಎಣ್ಣೆ, ಅಲಸಂದೆ, ಸೀಗಡಿ ನಿನಗೆ ಯಾರು ಪುಕ್ಕಟೆ ಕೊಡ್ತಾರೆ?"

ಜಂದೀರ ಬಾಣಲೆಯಿಂದ ಕಣ್ಣೆತ್ತಲಿಲ್ಲ. "ನಮ್ಮನೇಲಿ ಯಾರೂ ಹಸ್ಕೊಂಡು ಮಲಗಿಲ್ಲ. ಯಾರ ಮುಂದೂ ನಾನು ಕೈ ಚಾಚಿಲ್ಲ. ಈಗ ಯಾವನೋ ಗುಮಾಸ್ತನ ಮುಂದೆ ಬಡವಿ ಅಂತ ಸಹಿ ಹಾಕ್ಬೇಕಾ? ನನ್ನ ಮಗಳು ಭಿಕ್ಷೆ ಸೀಟಲ್ಲಿ ಓದ್ಬೇಕಾ?"

"ಭಿಕ್ಷೆ ಅಂದ್ರೆ ನೋಡು, ನನ್ನ ಬಾಯಲ್ಲಿ ಕೆಟ್ಟ ಮಾತು ಬರುತ್ತೆ! ಈ ಊರು ಕಟ್ಟಿದ್ದು ನಮ್ಮಜ್ಜ ಅಜ್ಜಿಯರ ಬೆನ್ನು ಮುರಿದು. ಆ ಸೀಟು ಯಾರೂ ದಾನ ಮಾಡಿದ್ದಲ್ಲ, ನಾವು ಬೀದೀಲಿ ಗುದ್ದಾಡಿ ತಗೊಂಡಿದ್ದು."

ಜಂದೀರ ಬಾಣಲೆಯ ವಡೆ ಮಗುಚಿದಳು. ಲುವಾಂದ್ರ ಪಕ್ಕದಲ್ಲಿ ಈರುಳ್ಳಿ ಹೆಚ್ಚುತ್ತ ಕಣ್ಣೊರೆಸಿಕೊಂಡಳು, ಈರುಳ್ಳಿಯ ನೆಪವೊಂದಿತ್ತಲ್ಲ. ತಾನೇ ಅಂಕಿ ತಿದ್ದಿಬಿಡಲೇ ಎಂದು ವಾಲ್ದೆಲೀಸ್‌ಗೆ ಒಂದು ಗಳಿಗೆ ಅನಿಸಿತು. ತಿದ್ದಲಿಲ್ಲ. ಜಂದೀರಳ ಹಟದ ಮೇಲೆ ಸಿಟ್ಟು ಬಂದಿತ್ತು, ಗೌರವವೂ ಇತ್ತು. ಖಾಲಿ ನಮೂನೆಯೊಂದನ್ನು ಸೀಗಡಿ ಡಬ್ಬದ ಕೆಳಗಿಟ್ಟು, "ನಿನ್ನ ದುಡಿಮೆ ನಿನಗೇ ಗೊತ್ತು. ನಿಜ ಬರಿ. ನಾಳೆ ಹತ್ತಕ್ಕೆ ಯೂನಿವರ್ಸಿಟಿ ಕೌಂಟರ್ ಹತ್ರ ಇರ್ತೀವಿ" ಎಂದು ಹೊರಟಳು.

ಮರುದಿನ ಹತ್ತಾಯಿತು, ಹನ್ನೊಂದಾಯಿತು. ಸಾಲು ಮುಂದೆ ಹೋದಂತೆಲ್ಲ ವಾಲ್ದೆಲೀಸ್ ಹಿಂದಿನವರಿಗೆ ದಾರಿ ಬಿಡುತ್ತ ಲುವಾಂದ್ರಳ ಕೈ ಹಿಡಿದು ನಿಂತಳು. ಹನ್ನೊಂದೂಮುಕ್ಕಾಲಿಗೆ ಬಾಗಿಲಲ್ಲಿ ಜಂದೀರ ಕಾಣಿಸಿದಳು. ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿಯ ಘೇರಿನ ಲಂಗ, ತಲೆಗೆ ಬಿಳಿ ರುಮಾಲು, ಕೊರಳ ತುಂಬ ಮಣಿಸರ, ಅಕರಜೆ ಮಾರುವವರ ಪೂರ್ತಿ ಉಡುಪು, ಹಬ್ಬಕ್ಕೆ ಹೊರಟ ಹಾಗೆ. ಜನ ತಾವಾಗಿ ಸರಿದು ದಾರಿ ಕೊಟ್ಟರು.

ಕಾಗದದಲ್ಲಿ ದುಂಡಗೆ ಎರಡು ಸಾವಿರದ ನೂರು ಎಂದಿತ್ತು. ಗುಮಾಸ್ತ ಅದನ್ನು ನೋಡಿದ, ಆ ಉಡುಪನ್ನು ನೋಡಿದ.

"ನಾಲ್ಕು ಜನಕ್ಕೆ ಇಷ್ಟೇನಾ, ಸೆನ್ಯೋರಾ?"

ಜಂದೀರ ಗಲ್ಲ ಎತ್ತಿ, ಇಡೀ ಹಾಲಿಗೆ ಕೇಳುವಂತೆ ಹೇಳಿದಳು:

"ಇಷ್ಟೇ. ಇಷ್ಟರಲ್ಲೇ ಇವಳನ್ನ ನಿಮ್ಮ ಈ ಕಿಟಕಿ ತನಕ ತಂದಿದೀನಿ. ಠಸ್ಸೆ ಹಾಕಪ್ಪ."

ಠಸ್ಸೆ ಬಿತ್ತು. ತಡವಾಗಿ ಬಂದದ್ದಕ್ಕೆ ಬೈಯಬೇಕೆಂದು ಕೂಡಿಟ್ಟಿದ್ದ ಮಾತೆಲ್ಲ ವಾಲ್ದೆಲೀಸ್‌ಗೆ ಮರೆತೇಹೋಯಿತು. ಮುಂದಿನ ವರ್ಷದಿಂದ ತಾಯಂದಿರಿಂದ ಆದಾಯದ ಕಾಗದ ಬರೆಸುವ ಶನಿವಾರ ಆಕೆ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದಳು. ಪಾಠ ಮಾಡುತ್ತಿದ್ದವಳು ಜಂದೀರ.