ಮೇಲೆ ನೋಡಿದ ಮೆಣಸು

ಮೊನ್ನೆ ಗೇಟಿಗೆ ಬಣ್ಣ ಹೊಡೆಸುತ್ತಿದ್ದೆ. ಟರ್ಪೆಂಟೈನ್ ವಾಸನೆ ಮೂಗಿಗೆ ಬಡಿಯಿತು ನೋಡಿ, ಅಲ್ಲಿ ನಿಲ್ಲಲಾಗದೆ ಒಳಗೆ ಬಂದು ಕೂತೆ. ವಿರಾಜಪೇಟೆಯ ಆ ಬೋರ್ಡು ಬರೆಯುವವರು ನೆನಪಾದರು...

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ಮೈಸೂರಿನಲ್ಲಿ ಓದಿ ಮುಗಿಸಿದ ನಾನು ಕೊಡಗಿನ ಕಾಲೇಜೊಂದರ ಸಸ್ಯಶಾಸ್ತ್ರ ವಿಭಾಗಕ್ಕೆ ಮೇಷ್ಟ್ರಾಗಿ ಬಂದಿದ್ದೆ. ಇಲ್ಲಿನ ಬೆಳೆಗಳನ್ನು ಪರಿಚಯಿಸುವ ಎಂಟು ಫಲಕಗಳನ್ನು ಕಾರಿಡಾರಿಗೆ ಮಾಡಿಸುವ ಕೆಲಸ ನನ್ನ ಪಾಲಿಗೆ ಬಂತು. ಚಿತ್ರ ಎಲ್ಲಿ, ವಿವರಣೆ ಎಲ್ಲಿ, ಅಕ್ಷರ ಎಷ್ಟು ದಪ್ಪ, ಎಲ್ಲಾ ನಾನೇ ಗೆರೆ ಎಳೆದು ಕೊಟ್ಟೆ. ಬಣ್ಣದಲ್ಲಿ ಬರೆಯಲು ಅವರು ಬಂದರು. ನನ್ನ ಅಪ್ಪನ ವಯಸ್ಸು.

"ಸಾರ್, ಇಷ್ಟೆಲ್ಲಾ ತುಂಬಿದ್ರೆ ಯಾರೂ ಓದಲ್ಲ. ನಡ್ಕೊಂಡು ಹೋಗೋನು ನಿಲ್ಬೇಕಲ್ಲ" ಎಂದು ನನ್ನ ವಿವರಣೆಯನ್ನು ಅರ್ಧಕ್ಕೆ ಇಳಿಸಿದರು. ಅವರ ಮಾತು ಸರಿಯಿತ್ತು. ಆ ಖುಷಿಯಲ್ಲಿ, "ಮೂಲೆಯಲ್ಲಿ ನಿಮ್ಮ ಹೆಸರು ಹಾಕಿ" ಎಂದೆ. ಪೇಟೆಯ ಅರ್ಧ ಬೋರ್ಡುಗಳು ಅವರ ಕೈಯವೇ, ಒಂದರಲ್ಲೂ ಹೆಸರಿರಲಿಲ್ಲ. "ನನ್ನ ಹೆಸರಾ? ಕಾಲೇಜಲ್ಲಾ?" ಎಂದು ಎರಡು ಸಲ ಕೇಳಿದರು.

ಕೊನೆಯದು ಕರಿಮೆಣಸು. ತೋಟಕ್ಕೆ ಹೋಗಿ ಬಳ್ಳಿ ನೋಡುವಷ್ಟು ವ್ಯವಧಾನ ನನಗೆಲ್ಲಿ? ಕಪಾಟಿನಲ್ಲಿ ಒಣಗಿಸಿ ಹಾಳೆಗೆ ಅಂಟಿಸಿದ ಮಾದರಿಯಿತ್ತು. ಜಾಗ ಸಾಲದೆ ಯಾರೋ ಗೊಂಚಲುಗಳನ್ನು ಮೇಲಕ್ಕೆ ಮಡಚಿ ಅಂಟಿಸಿದ್ದರು. ಹಾಗೆಯೇ ನಕಲು ಇಳಿಸಿ ಕೊಟ್ಟೆ.

"ಸಾರ್, ಮೆಣಸು ಕೆಳಗಲ್ವಾ ನೇತಾಡೋದು?"

"ಬಾಟನಿ ಓದಿರೋದು ನೀನಾ, ನಾನಾ? ಕೊಟ್ಟಷ್ಟು ಬರಿ!"

ಅದುವರೆಗೆ 'ನೀವು' ಎನ್ನುತ್ತಿದ್ದೆ. ಅವರು ನಾನು ಕೊಟ್ಟ ಹಾಗೆಯೇ ಬರೆದರು.

ಉದ್ಘಾಟನೆಗೆ ಬಂದ ತೋಟದ ಯಜಮಾನರೊಬ್ಬರು ಆ ಫಲಕದ ಮುಂದೆ ನಿಂತು ಹೊಟ್ಟೆ ಹಿಡಿದು ನಕ್ಕರು. "ಎಂಥ ಮಾರಾಯ್ರೇ, ನಿಮ್ಮ ಮೆಣಸು ಆಕಾಶ ನೋಡ್ತದಲ್ಲ!" ನೆರೆದವರೆಲ್ಲ ನಕ್ಕರು. ವಿಭಾಗದ ಮುಖ್ಯಸ್ಥರು ನನ್ನತ್ತ ತಿರುಗಿದರು.

"ಪೇಂಟರ್ ತಪ್ಪು ಸಾರ್. ನಾನು ಸರಿಯಾಗೇ ಕೊಟ್ಟಿದ್ದೆ." ನಾಲಿಗೆ ತಡವರಿಸಲೂ ಇಲ್ಲ, ಥೂ!

ಬೋರ್ಡು ಬರೆದ ಅವರೂ ಅಲ್ಲೇ ಇದ್ದರು. ತಮ್ಮ ಹೆಸರು ತೋರಿಸಲೆಂದು ಹೆಂಡತಿಯನ್ನೂ ಕರೆತಂದಿದ್ದರು. ಒಮ್ಮೆ ನನ್ನ ಮುಖ ನೋಡಿದರು. ಆಮೇಲೆ, "ಹೌದು ಸಾರ್, ನನ್ದೇ ತಪ್ಪು" ಎಂದರು. ಎಂಟೂ ಫಲಕಗಳಿಂದ ಹೆಸರು ತೆಗೆಯಬೇಕೆಂದು ಆಜ್ಞೆಯಾಯಿತು. ಮರುದಿನ ಬಂದು ಗೊಂಚಲುಗಳನ್ನು ಕೆಳಕ್ಕೆ ತಿರುಗಿಸಿ ಬರೆದರು. ತಮ್ಮ ಹೆಸರಿನ ಮೇಲೆ ತಾವೇ ಬಣ್ಣ ಬಳಿದರು. ನಾನು ಪ್ರಯೋಗಶಾಲೆಯೊಳಗೆ ಅಡಗಿ ಕೂತಿದ್ದೆ.

ಎಷ್ಟೋ ವರ್ಷಗಳ ನಂತರ, ನಿಜ ಒಪ್ಪಿಕೊಳ್ಳಬೇಕೆಂದೇ ಅವರ ಮನೆ ಹುಡುಕಿಕೊಂಡು ಹೋದೆ. ಅವರು ತೀರಿಕೊಂಡಿದ್ದರು. ಹೆಂಡತಿ ಗುರುತು ಹಿಡಿದು ಕಾಫಿ ಕೊಟ್ಟರು.

"ನಮ್ಮಿಂದ ನಿಮ್ಗೆ ಅವತ್ತು ಅವಮಾನ ಆಯ್ತಲ್ಲ ಮೇಷ್ಟ್ರೇ... 'ಅಷ್ಟು ಒಳ್ಳೆ ಮನುಷ್ಯ, ನನ್ನ ಹೆಸರು ಹಾಕು ಅಂದೋರು, ನಾನೇ ಕೆಡಿಸ್ದೆ' ಅಂತ ಕೊನೇವರೆಗೂ ಹೇಳ್ತಿದ್ರು."

ಹೆಂಡತಿಗೂ ನಿಜ ಹೇಳಿರಲಿಲ್ಲ ಆ ಪುಣ್ಯಾತ್ಮ! ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. "ಇರ್ಲಿ ಬಿಡಿಮ್ಮ, ಮರ್ತುಬಿಡಿ" ಎಂದೆ. ದೊಡ್ಡ ಮನಸ್ಸಿನಿಂದ ಕ್ಷಮಿಸಿದವನ ಹಾಗೆ ಕಾಫಿ ಕುಡಿದು ಎದ್ದು ಬಂದೆ.

ಈಗ ಆ ಅಮ್ಮನೂ ಇಲ್ಲ.